ಬೈಕಿಗೆ ಕಾರು ಗುದ್ದಿ ಅಪ್ಪನ ಕಾಲು ಮುರಿದಿದೆ, ಬಾಂಡ್ ಪೇಪರ್ ಮೇಲೆ ಸಹಿ ಆಗಿಬಿಟ್ಟಿದೆ. ಪರಿಹಾರ ಸಿಗುತ್ತಾ?

ಚಿಂಚೋಳಿ ಹುಡುಗ:

ಎಲ್ಲರಿಗೂ ನಮಸ್ಕಾರ ರೀ. ಕಾನೂನು ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮನೆಯಲ್ಲಿ ಯಾರಿಗೂ ದಿಕ್ಕು ತೋಚುತ್ತಿಲ್ಲ.

ಅಪ್ಪ ಗೌಂಡಿ ಕೆಲಸ ಮಾಡುತ್ತಾರೆ, ವಯಸ್ಸು 44. ಕಳೆದ ತಿಂಗಳು ಕಲಬುರಗಿಯಲ್ಲಿ ಕೆಲಸ ಮುಗಿಸಿ ಹುಮನಾಬಾದ್ ರಸ್ತೆಯಲ್ಲಿ ಬೈಕ್ ಮೇಲೆ ಊರಿಗೆ ಬರುತ್ತಿದ್ದರು. ಹಿಂದೆ ಕಾಕಾ ಕೂತಿದ್ದರು. ಎದುರಿನಿಂದ ತೆಲಂಗಾಣ ನಂಬರಿನ ಕಾರು ಬಂತು. ಲಾರಿಯನ್ನು ಓವರ್‌ಟೇಕ್ ಮಾಡಲು ಹೋಗಿ ಸೀದಾ ಇವರ ಸೈಡಿಗೇ ನುಗ್ಗಿ ಗುದ್ದಿದೆ. ಅಪ್ಪನ ತೊಡೆಯ ಮೂಳೆ ಮುರಿದಿದೆ, ಮೊಣಕಾಲಿಗೂ ಪೆಟ್ಟಾಗಿದೆ. ರಾಡ್ ಹಾಕಿದ್ದಾರೆ. ಕಾಕಾಗೆ ಮಣಿಕಟ್ಟು ಮುರಿದಿದೆ. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು.

ಅಪ್ಪ ಇನ್ನೂ ಐಸಿಯುನಲ್ಲಿ ಇದ್ದಾಗಲೇ ಕಾರಿನ ಮಾಲೀಕ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. 30 ಸಾವಿರ ಕೊಟ್ಟ. ಮುಂದಿನ ಖರ್ಚೆಲ್ಲ ನಾನೇ ನೋಡಿಕೊಳ್ಳುತ್ತೇನೆ, ಕೇಸ್ ಬೇಡ ಅಂದ. ಕಾಕಾ ಕಡೆಯಿಂದ ಬಾಂಡ್ ಪೇಪರ್ ಮೇಲೆ ಸಹಿ ತಗೊಂಡ. ಅದರಲ್ಲಿ ‘ಇಬ್ಬರೂ ರಾಜಿ ಆಗಿದ್ದೇವೆ, ಮುಂದೆ ಯಾವುದೇ ತಕರಾರು ಇಲ್ಲ’ ಅಂತ ಬರೆದಿದೆ. ಈಗ ಫೋನ್ ಎತ್ತುತ್ತಿಲ್ಲ. ಬಿಲ್ 2 ಲಕ್ಷ ದಾಟಿದೆ. ಮೊಣಕಾಲಿಗೆ ಇನ್ನೊಂದು ಆಪರೇಷನ್ ಆಗಬೇಕು ಅಂತಿದ್ದಾರೆ.

ಠಾಣೆಗೆ ಹೋದರೆ ನೀವೇ ರಾಜಿ ಆಗಿದ್ದೀರಲ್ಲ, ಈಗ ಯಾಕೆ ಬಂದಿರಿ ಅಂದರು. ಕಾರಿನ ಇನ್ಶೂರೆನ್ಸ್ ಕಡೆಯವರು ಅಂತ ಹೇಳಿಕೊಂಡು ಒಬ್ಬರು ಫೋನ್ ಮಾಡಿದ್ದರು. ನಿಮ್ಮಪ್ಪನಿಗೆ ಹೆಲ್ಮೆಟ್ ಇಲ್ಲ, ಲೈಸೆನ್ಸ್ ಅವಧಿ ಮುಗಿದಿದೆ, ಹಾಗಾಗಿ ತಪ್ಪು ನಿಮ್ಮದೇ, ಕೋರ್ಟಿಗೆ ಹೋದರೂ ಏನೂ ಸಿಗಲ್ಲ ಅಂದರು. ಹೆಲ್ಮೆಟ್ ಇರಲಿಲ್ಲ ಅನ್ನುವುದು ನಿಜ. ಲೈಸೆನ್ಸ್ ರಿನೀವಲ್ ಆಗಿಲ್ಲ ಅನ್ನುವುದೂ ನಿಜ. ಅಷ್ಟಕ್ಕೇ ತಪ್ಪು ಅಪ್ಪನದು ಆಗುತ್ತಾ?

ಅಫಜಲಪುರ ಕಾಕಾ:

ತಮ್ಮಾ, ಮೊದಲು ಆ ಫೋನಿನವನ ಮಾತು ತಲೆಯಿಂದ ತೆಗೆದುಹಾಕು. ತಪ್ಪು ಯಾರದು ಅಂತ ತೀರ್ಮಾನ ಮಾಡಲು ಅವನು ಜಡ್ಜ್ ಅಲ್ಲ. ಇವತ್ತೇ ಠಾಣೆಗೆ ಹೋಗಿ ಬರವಣಿಗೆಯಲ್ಲಿ ಫಿರ್ಯಾದಿ ಕೊಡು. ಬಾಯಿಮಾತಲ್ಲಿ ಹೇಳಿ ಬರಬೇಡ. ಒಂದು ಪ್ರತಿ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬಾ. ತಗೊಳ್ಳಲ್ಲ ಅಂದರೆ ಅದೇ ಫಿರ್ಯಾದಿಯನ್ನು ಎಸ್‌ಪಿ ಆಫೀಸಿಗೆ ರಿಜಿಸ್ಟರ್ ಪೋಸ್ಟ್ ಮಾಡು.

ಕಾರಿನ ನಂಬರ್ ಇದೆಯಲ್ಲ? ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡು, ಇನ್ಶೂರೆನ್ಸ್ ಯಾವ ತಾರೀಖಿನವರೆಗೆ ಇದೆ ಅಂತ ತೋರಿಸುತ್ತೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೋ.

ಬೀದರ್ ಸಿಸ್ಟರ್:

ನಾನು ಆಸ್ಪತ್ರೆಯಲ್ಲಿ ನರ್ಸ್. ಕಾನೂನಿನ ಮಾತು ವಕೀಲರು ಹೇಳಲಿ, ಆಸ್ಪತ್ರೆಯ ಕಾಗದದ ವಿಷಯ ನಾನು ಹೇಳುತ್ತೇನೆ. ಇದು ಬಹಳ ಮುಖ್ಯ, ಜನ ಇದನ್ನು ನೋಡುವುದೇ ಇಲ್ಲ.

ಅಪಘಾತದ ಕೇಸ್ ಬಂದಾಗ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಮಾಡುತ್ತೇವೆ. ಒಂದು ರಿಜಿಸ್ಟರ್ ಇರುತ್ತೆ, ನಂಬರ್ ಇರುತ್ತೆ. ಠಾಣೆಗೆ ಮಾಹಿತಿ ಹೋಗುತ್ತೆ. ನೀವು ಫಿರ್ಯಾದಿ ಕೊಡುವುದು ತಡ ಆಗಿದ್ದರೂ ಎಂಎಲ್‌ಸಿ ಆ ದಿನವೇ ಆಗಿದ್ದರೆ ನಿಮ್ಮ ಕೈಯಲ್ಲಿ ಗಟ್ಟಿ ಕಾಗದ ಇದೆ ಅಂತ ಅರ್ಥ. ಹಾಗಾಗಿ ಎಂಎಲ್‌ಸಿ ನಂಬರ್ ಕೇಳಿ ಬರೆದುಕೊಳ್ಳಿ.

ಎರಡನೆಯದು ಕೇಸ್ ಶೀಟ್. ಅದರ ಮೊದಲ ಪುಟದಲ್ಲಿ ಪೆಟ್ಟು ಹೇಗಾಯಿತು ಅಂತ ಒಂದೆರಡು ಸಾಲು ಬರೆದಿರುತ್ತಾರೆ. ರಾತ್ರಿ ಹೊತ್ತು, ಗಡಿಬಿಡಿ, ಕರೆತಂದವರು ಯಾರೋ ದಾರಿಯಲ್ಲಿ ಹೋಗುವವರು. ‘ಬೈಕ್‌ನಿಂದ ಬಿದ್ದಿದ್ದಾರೆ’ ಅಂತ ಅವರು ಹೇಳಿದರೆ ಡ್ಯೂಟಿ ಡಾಕ್ಟರ್ ಅಷ್ಟೇ ಬರೆಯುತ್ತಾರೆ. ಕಾರು ಗುದ್ದಿದ್ದು ಎಲ್ಲೂ ಇರುವುದಿಲ್ಲ. ವರ್ಷದ ಮೇಲೆ ಕೋರ್ಟಿನಲ್ಲಿ ಅದೇ ಸಾಲನ್ನು ಮುಂದಿಟ್ಟು, ‘ಇವರು ತಾವೇ ಸ್ಕಿಡ್ ಆಗಿ ಬಿದ್ದಿದ್ದಾರೆ, ಕಾರಿಗೂ ಇವರಿಗೂ ಸಂಬಂಧವೇ ಇಲ್ಲ’ ಅಂತ ಎದುರಿನ ವಕೀಲರು ಕೇಳುತ್ತಾರೆ. ಸಮನ್ಸ್ ಬಂದು ನಮ್ಮ ಡಾಕ್ಟರು ಸಾಕ್ಷಿ ಹೇಳಲು ಹೋದಾಗ ಮೊದಲು ಬರುವ ಪ್ರಶ್ನೆ ಇದೇ.

ನಿಮ್ಮ ಅಪ್ಪನ ಡಿಸ್ಚಾರ್ಜ್ ಕಾರ್ಡಿನಲ್ಲಿ, ಕೇಸ್ ಶೀಟಿನಲ್ಲಿ ಏನು ಬರೆದಿದೆ ಅಂತ ಇವತ್ತೇ ಓದಿ. ತಪ್ಪಿದ್ದರೆ ತಿದ್ದಿಸಲು ಯಾರನ್ನೂ ಒತ್ತಾಯ ಮಾಡಬೇಡಿ. ತಿದ್ದಿದ ದಾಖಲೆ ನಿಮ್ಮನ್ನೇ ಮುಳುಗಿಸುತ್ತೆ. ಮಾಹಿತಿ ಕೊಟ್ಟವರು ಯಾರು ಅಂತ ಅಲ್ಲಿ ಬರೆದಿದೆಯಾ ನೋಡಿ. ಅವರು ಅಪಘಾತವನ್ನು ಕಣ್ಣಾರೆ ನೋಡಿಲ್ಲ ಅಂದರೆ ಆ ಸಾಲಿನ ತೂಕ ಕಡಿಮೆ ಆಗುತ್ತೆ. ಕೇಸ್ ಶೀಟಿನ ಪ್ರತಿ ಬೇಕು ಅಂತ ಅರ್ಜಿ ಕೊಡಿ. ಎಕ್ಸ್-ರೇ ಫಿಲಂ, ಬಿಲ್, ಔಷಧಿ ಚೀಟಿ ಒಂದೂ ಬಿಸಾಡಬೇಡಿ. ಚೀಟಿ ಇಲ್ಲದ ಔಷಧಿ ಬಿಲ್‌ಗೆ ಕೋರ್ಟಿನಲ್ಲಿ ತಕರಾರು ಬರುತ್ತೆ ಅಂತ ನಮ್ಮಲ್ಲಿ ಬರುವ ವಕೀಲರು ಹೇಳುತ್ತಿರುತ್ತಾರೆ.

ಇನ್ನೊಂದು ಮಾತು, ಇದು ಬೇರೆಯವರಿಗೂ ಇರಲಿ. 2025ರ ಮೇ ತಿಂಗಳಿಂದ ಕೇಂದ್ರ ಸರ್ಕಾರದ ಕ್ಯಾಶ್‌ಲೆಸ್ ಚಿಕಿತ್ಸೆ ಯೋಜನೆ ಇದೆ. ರಸ್ತೆ ಅಪಘಾತ ಆದವರಿಗೆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆಸ್ಪತ್ರೆಗೆ ಸೇರಿಸುವಾಗಲೇ ಕೇಳಬೇಕು.

ಕಲಬುರಗಿ ವಕೀಲ:

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸ್‌ಗಳನ್ನು ನಡೆಸುತ್ತೇನೆ. ಪೇಪರ್ ನೋಡದೆ ಕೊನೆಯ ಮಾತು ಹೇಳಲು ಆಗಲ್ಲ, ಆದರೆ ನೀವು ಕೇಳಿದ ಒಂದೊಂದಕ್ಕೂ ಉತ್ತರ ಇದೆ.

ಮುಖ್ಯವಾದ್ದು ಒಂದೇ. ಅಪಘಾತ ಹೇಗಾಯಿತು ಅನ್ನುವುದು ಬೇರೆ, ನಿಮ್ಮ ಅಪ್ಪ ಯಾವ ನಿಯಮ ಪಾಲಿಸಿರಲಿಲ್ಲ ಅನ್ನುವುದು ಬೇರೆ. ಇನ್ಶೂರೆನ್ಸ್ ಕಡೆಯವರು ಇವೆರಡನ್ನೂ ಕಲಸಿ ಹೇಳುತ್ತಾರೆ, ಜನ ಹೆದರಿ ಸುಮ್ಮನಾಗುತ್ತಾರೆ. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ದಂಡ ಬೀಳಬಹುದು. ಆದರೆ ಲೈಸೆನ್ಸ್ ರಿನೀವಲ್ ಆಗಿದ್ದರೆ ಆ ಕಾರು ರಾಂಗ್ ಸೈಡಿಗೆ ಬರುತ್ತಿರಲಿಲ್ಲವಾ? ಬರುತ್ತಿತ್ತು. ಅಂದ ಮೇಲೆ ಡಿಕ್ಕಿಗೂ ಲೈಸೆನ್ಸಿಗೂ ಸಂಬಂಧ ಇಲ್ಲ. ಲೈಸೆನ್ಸ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸವಾರನ ನಿರ್ಲಕ್ಷ್ಯ ಅನ್ನಲು ಆಗಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ಹೇಳಿದೆ. 2020ರಲ್ಲಿ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ಬೈಕ್ ಮೇಲೆ ಮೂವರು ಇದ್ದರು. ಅಲ್ಲೂ ಅದೇ ಮಾತು. ಮೂವರು ಕೂತಿದ್ದರಿಂದಲೇ ಅಪಘಾತ ಆಯಿತು ಅಥವಾ ಪೆಟ್ಟು ಜಾಸ್ತಿ ಆಯಿತು ಅಂತ ತೋರಿಸಬೇಕು. ತೋರಿಸದೆ ಪರಿಹಾರ ಕಡಿತ ಮಾಡಬಾರದು.

ಹೆಲ್ಮೆಟ್ ವಿಷಯವೂ ಹೀಗೆಯೇ. ತಲೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಅನ್ನುವ ವಾದಕ್ಕೆ ಒಂದಿಷ್ಟು ಬಲ ಬರುತ್ತೆ, ಸ್ವಲ್ಪ ಶೇಕಡಾ ಕಡಿತ ಆಗಬಹುದು. ನಿಮ್ಮ ಅಪ್ಪನಿಗೆ ಮುರಿದಿರುವುದು ತೊಡೆಯ ಮೂಳೆ. ಹೆಲ್ಮೆಟ್ ತೊಡೆಯನ್ನು ಕಾಯುವುದಿಲ್ಲ. (ಹಾಗಂತ ಹೆಲ್ಮೆಟ್ ಬೇಡ ಅಂತಲ್ಲ. ಈ ರಸ್ತೆಯಲ್ಲಿ ದಯವಿಟ್ಟು ಎಲ್ಲರೂ ಹಾಕಿಕೊಳ್ಳಿ, ಹಿಂದೆ ಕೂತವರೂ.)

ಬಾಂಡ್ ಪೇಪರ್ ಬಗ್ಗೆ. ಅದಕ್ಕೆ ಸಹಿ ಹಾಕಿರುವುದು ಕಾಕಾ, ಅಪ್ಪ ಅಲ್ಲ. ಐಸಿಯುನಲ್ಲಿ ಇದ್ದವರ ಹಕ್ಕನ್ನು ಇನ್ನೊಬ್ಬರು ಬರೆದುಕೊಡಲು ಆಗಲ್ಲ. ಬೇಕಾಬಿಟ್ಟಿ ವಾಹನ ಓಡಿಸುವುದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281ನೇ ಕಲಂ ಅಡಿ ಅಪರಾಧ. ಅದು ಇಬ್ಬರು ಕೂತು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ‘ರಾಜಿ ಆಗಿದೆ’ ಅಂತ ಹೇಳಿ ಎಫ್‌ಐಆರ್ ಮಾಡದೆ ಇರಲು ಪೊಲೀಸರಿಗೆ ಅಧಿಕಾರ ಇಲ್ಲ. ಠಾಣೆಯಲ್ಲಿ ಒಪ್ಪದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4)ರ ಪ್ರಕಾರ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ಬಂದ 30 ಸಾವಿರವನ್ನು ಮುಚ್ಚಿಡಬೇಡಿ. ಫಿರ್ಯಾದಿಯಲ್ಲೇ ಬರೆಯಿರಿ: ಇಷ್ಟು ಕೊಟ್ಟರು, ಈ ಮಾತು ಹೇಳಿದರು, ಆಮೇಲೆ ನಡೆದುಕೊಳ್ಳಲಿಲ್ಲ. ತಡ ಯಾಕಾಯಿತು ಅನ್ನುವುದಕ್ಕೂ ಅದೇ ಉತ್ತರ ಆಗುತ್ತೆ. ಎಫ್‌ಐಆರ್ ತಡವಾಯಿತು ಅನ್ನುವ ಕಾರಣಕ್ಕೇ ಕ್ಲೇಮ್ ತಳ್ಳಿಹಾಕಬಾರದು, ಮನೆಯವರು ಮೊದಲು ಗಾಯಾಳುವನ್ನು ನೋಡುತ್ತಾರೆಯೇ ಹೊರತು ಠಾಣೆಗೆ ಓಡುವುದಿಲ್ಲ ಅನ್ನುವ ಅರ್ಥದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ರವಿ ವಿರುದ್ಧ ಬದರಿನಾರಾಯಣ ಪ್ರಕರಣದಲ್ಲಿ ಹೇಳಿದೆ.

ಇನ್ನು ಸಮಯ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಪ್ರಕಾರ ಅಪಘಾತ ಆದ 6 ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕು. ಈ 6 ತಿಂಗಳ ಗಡುವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ, ತಡವಾಯಿತು ಅಂತ ಅರ್ಜಿಗಳನ್ನು ವಜಾ ಮಾಡಬೇಡಿ ಅಂತ. ಅದನ್ನು ನೆಚ್ಚಿಕೊಂಡು ಕೂರಬೇಡಿ. ನಿಮಗೆ ಇನ್ನೂ ಸಮಯ ಇದೆ, ಒಳಗೇ ಹಾಕಿ.

ಸೇಡಂ ವ್ಯಾಪಾರಿ:

ಎಲ್ಲರೂ ಕೋರ್ಟ್ ಕೋರ್ಟ್ ಅಂತೀರಿ. ನಮ್ಮ ಮಾವನ ಕೇಸ್ ವರ್ಷಗಟ್ಟಲೆ ನಡೆಯಿತು, ತಾರೀಖಿನ ಮೇಲೆ ತಾರೀಖು. ಕೂಲಿ ಮಾಡುವ ಜನ ಪ್ರತಿ ತಾರೀಖಿಗೆ ಕೆಲಸ ಬಿಟ್ಟು ಕಲಬುರಗಿಗೆ ಬರಬೇಕು. ಹಿರಿಯರನ್ನು ಕೂರಿಸಿ ಒಂದೂವರೆ, ಎರಡು ಲಕ್ಷಕ್ಕೆ ಮುಗಿಸಿಕೊಳ್ಳುವುದು ಒಳ್ಳೆಯದು ಅಂತ ನನಗನಿಸುತ್ತೆ. ಕೈಗೆ ಬಂದ ದುಡ್ಡೇ ದುಡ್ಡು.

ಕಲಬುರಗಿ ವಕೀಲ:

ಸೇಡಂ ಅಣ್ಣಾ, ನಿಮ್ಮ ಬೇಸರ ಅರ್ಥ ಆಗುತ್ತೆ, ತಡ ಆಗುವುದು ಸುಳ್ಳಲ್ಲ. ಆದರೆ ಒಂದು ವಿಷಯ ಯೋಚನೆ ಮಾಡಿ. ಕಾರಿನ ಮಾಲೀಕ ತನ್ನ ಜೇಬಿನಿಂದ ಕೊಡುವುದು ಅವನ ಕೈಲಾದಷ್ಟು. ಇನ್ಶೂರೆನ್ಸ್ ಕಂಪನಿ ಕೊಡುವುದು ಕೋರ್ಟ್ ಹೇಳಿದಷ್ಟು. ಥರ್ಡ್ ಪಾರ್ಟಿ ವಿಮೆ (ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಇರುವ ವಿಮೆ) ಕಡ್ಡಾಯ ಮಾಡಿರುವುದೇ ಇದಕ್ಕಾಗಿ. ಎಫ್‌ಐಆರ್ ಇಲ್ಲದೆ ಊರಲ್ಲೇ ಮುಗಿಸಿದರೆ ವಿಮೆಯ ದುಡ್ಡನ್ನು ಬಿಟ್ಟುಕೊಟ್ಟ ಹಾಗೆ. ಒಪ್ಪಂದವೇ ಬೇಕು ಅಂದರೂ ಮೊದಲು ಕ್ಲೇಮ್ ಹಾಕಿ, ಆಮೇಲೆ ಲೋಕ ಅದಾಲತ್‌ನಲ್ಲಿ ವಿಮೆ ಕಂಪನಿ ಜೊತೆ ಕೂತು ಮಾತಾಡಿ. ಅಲ್ಲಿ ಆದ ತೀರ್ಮಾನಕ್ಕೆ ಕೋರ್ಟ್ ಆದೇಶದ ಬೆಲೆ ಇರುತ್ತೆ. ಒಂದು ಎಚ್ಚರಿಕೆ: ಅದಾಲತ್‌ನಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಲೆಕ್ಕ ಗೊತ್ತಿಲ್ಲದೆ ಹೂಂ ಅನ್ನಬೇಡಿ.

ಪ್ರತಿ ತಾರೀಖಿಗೂ ಗಾಯಾಳು ಬರಬೇಕಿಲ್ಲ. ಸಾಕ್ಷಿ ಹೇಳುವ ದಿನ ಬರಬೇಕು, ವೈದ್ಯರ ಪರೀಕ್ಷೆಗೆ ಬರಬೇಕು. ಉಳಿದದ್ದು ವಕೀಲರ ಕೆಲಸ.

ಚಿಂಚೋಳಿ ಹುಡುಗ:

ಎಲ್ಲರಿಗೂ ಬಹಳ ಧನ್ಯವಾದ. ಬರವಣಿಗೆಯಲ್ಲಿ ಫಿರ್ಯಾದಿ ಕೊಟ್ಟ ಮೇಲೆ ಎಫ್‌ಐಆರ್ ಆಯಿತು. ಪೊಲೀಸರು ಜಾಗಕ್ಕೆ ಹೋಗಿ ಪಂಚನಾಮೆ ಮಾಡಿದ್ದಾರೆ. ಎಂಎಲ್‌ಸಿ ಆ ರಾತ್ರಿಯೇ ಆಗಿದೆ. ಸಿಸ್ಟರ್ ಅಕ್ಕ ಹೇಳಿದ ಹಾಗೆ ಕೇಸ್ ಶೀಟ್ ನೋಡಿದೆ. ‘ರಸ್ತೆ ಅಪಘಾತ, ಬೈಕ್’ ಅಂತ ಮಾತ್ರ ಇದೆ. ಕಾರಿನ ಮಾತೇ ಇಲ್ಲ, ಆದರೆ ಬಿದ್ದರು ಅಂತಲೂ ಇಲ್ಲ.

ಈಗ ಹೊಸ ಪ್ರಶ್ನೆ. ಕಾರಿನವನು ಬೈಕ್ ರಸ್ತೆ ಮಧ್ಯ ಬರುತ್ತಿತ್ತು, ಇಬ್ಬರದೂ ತಪ್ಪು ಅಂತ ಹೇಳುತ್ತಿದ್ದಾನಂತೆ. ಅರ್ಧರ್ಧ ತಪ್ಪು ಅಂತ ಆದರೆ ಏನಾಗುತ್ತೆ? ಕಾಕಾಗೂ ಅರ್ಧವೇನಾ? ಇನ್ನೊಬ್ಬ ಏಜೆಂಟ್ ಮನೆಗೆ ಬಂದಿದ್ದ. ಎಲ್ಲಾ ಖರ್ಚು ನಾನೇ ಹಾಕುತ್ತೇನೆ, ಬಂದ ದುಡ್ಡಿನಲ್ಲಿ ನೂರಕ್ಕೆ 40 ಕೊಡಿ ಅಂದ. ಲೈಸೆನ್ಸ್ ಪ್ರಶ್ನೆ ಬರದ ಹಾಗೆ ಬೈಕ್ ಓಡಿಸಿದ್ದು ಕಾಕಾ ಅಂತ ಬರೆಸೋಣ ಅಂತಲೂ ಹೇಳಿದ.

ಕಲಬುರಗಿ ವಕೀಲ:

ಆ ಏಜೆಂಟ್‌ನನ್ನು ಮತ್ತೆ ಮನೆ ಹೊಸ್ತಿಲು ತುಳಿಯಲು ಬಿಡಬೇಡಿ. ಕಠಿಣವಾಗಿ ಹೇಳುತ್ತಿದ್ದೇನೆ ಅನಿಸಬಹುದು, ಆದರೆ ಇಂಥವರಿಂದ ನಿಜವಾದ ಗಾಯಾಳುಗಳ ಕೇಸ್ ಬಿದ್ದುಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತೆ. ಓಡಿಸಿದವರನ್ನು ಬದಲಿಸುವುದು, ವಿಮೆ ಇರುವ ಬೇರೆ ಗಾಡಿಯನ್ನು ತಂದು ತೋರಿಸುವುದು, ಇವೆಲ್ಲ ಮೋಸ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಅಪ್ಪನ ಮುರಿದ ಕಾಲನ್ನೂ ಕೋರ್ಟ್ ನಂಬಲ್ಲ, ಮೇಲೆ ಕ್ರಿಮಿನಲ್ ಕೇಸ್ ಬೇರೆ. ಬರುವ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೇ ನಿಷಿದ್ಧ, ಬಾರ್ ಕೌನ್ಸಿಲ್ ನಿಯಮ ಇದೆ. ಏಜೆಂಟ್‌ಗೆ ಎಲ್ಲಿಂದ ಬಂತು ಹಕ್ಕು? ವಕೀಲರ ಖರ್ಚು ಕಷ್ಟ ಅನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಕಡಿಮೆ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತೆ.

ಅರ್ಧರ್ಧ ತಪ್ಪಿನ ವಿಷಯ. ಸವಾರನದೂ ತಪ್ಪಿದೆ ಅಂತ ಕೋರ್ಟ್ ಕಂಡುಕೊಂಡರೆ, ಅವನ ಪಾಲಿನಷ್ಟು ಶೇಕಡಾ ಅವನ ಪರಿಹಾರದಲ್ಲಿ ಕಳೆಯುತ್ತಾರೆ. ಒಟ್ಟು 8 ಲಕ್ಷ ಅಂತ ಲೆಕ್ಕ ಆಗಿ, ತಪ್ಪು ನೂರಕ್ಕೆ 25 ನಿಮ್ಮದು ಅಂದರೆ 6 ಲಕ್ಷ ಸಿಗುತ್ತೆ. ಪೂರ್ತಿ ಹೋಗುವುದಿಲ್ಲ. ಇದನ್ನು ತೀರ್ಮಾನ ಮಾಡುವುದು ಬಾಯಿಮಾತಲ್ಲ, ಸ್ಥಳದ ನಕಾಶೆ. ರಸ್ತೆ ಎಷ್ಟು ಅಗಲ, ಡಿಕ್ಕಿ ಆದ ಜಾಗ ಅಂಚಿನಿಂದ ಎಷ್ಟು ದೂರ, ಯಾವ ಸೈಡು, ಬ್ರೇಕ್ ಹಾಕಿದ ಗುರುತು ಎಲ್ಲಿಂದ ಎಲ್ಲಿಗೆ ಅನ್ನುವುದು ಅದರಲ್ಲಿ ಇರಬೇಕು. ಪಂಚನಾಮೆ ತಡವಾಗಿ ಆಗಿರುವುದರಿಂದ ಗುರುತುಗಳು ಉಳಿದಿರಲಿಕ್ಕಿಲ್ಲ. ಹಾಗಾಗಿ ಆ ದಿನ ಯಾರಾದರೂ ಫೋನಿನಲ್ಲಿ ಫೋಟೋ ತೆಗೆದಿದ್ದರೆ ಹುಡುಕಿ. ಡಾಬಾ, ಪೆಟ್ರೋಲ್ ಬಂಕ್ ಹತ್ತಿರ ಇದ್ದರೆ ಸಿಸಿಟಿವಿ ಕೇಳಿ, ಅದು ಬೇಗ ಅಳಿಸಿಹೋಗುತ್ತೆ. ಎಂವಿಐ (ಮೋಟಾರು ವಾಹನ ನಿರೀಕ್ಷಕರ) ರಿಪೋರ್ಟ್ ಅಂತ ಒಂದು ಬರುತ್ತೆ, ಎರಡೂ ಗಾಡಿ ಎಲ್ಲೆಲ್ಲಿ ಜಖಂ ಆಗಿವೆ ಅಂತ. ಕಾರಿನ ಯಾವ ಮೂಲೆ ನಜ್ಜುಗುಜ್ಜಾಗಿದೆ ಅನ್ನುವುದರಿಂದಲೇ ಅದು ಯಾವ ಕಡೆ ಇತ್ತು ಅಂತ ಎಷ್ಟೋ ಸಲ ಗೊತ್ತಾಗುತ್ತೆ. ಬೈಕನ್ನು ಆ ಪರೀಕ್ಷೆ ಆಗುವವರೆಗೆ ರಿಪೇರಿ ಮಾಡಿಸಬೇಡಿ. ಕಾರಿನ ಚಾಲಕನ ಮೇಲೆ ಚಾರ್ಜ್‌ಶೀಟ್ ಆದರೆ ಅದು ನಿಮಗೆ ದೊಡ್ಡ ಆಧಾರ. ಕ್ಲೇಮ್ ಕೇಸಿನಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹೀಗೇ ಆಗಿರುವ ಸಾಧ್ಯತೆ ಜಾಸ್ತಿ ಅನಿಸಿದರೆ ಸಾಕು.

ಕಾಕಾ ಕಥೆ ಬೇರೆ. ಹಿಂದೆ ಕೂತವರು ಗಾಡಿ ಓಡಿಸಿಲ್ಲ, ಅವರ ತಪ್ಪು ಏನೂ ಇಲ್ಲ. ಇಬ್ಬರು ಚಾಲಕರ ತಪ್ಪು ಸೇರಿ ಮೂರನೆಯವರಿಗೆ ಪೆಟ್ಟಾದರೆ ಅವರು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು ಅಂತ ಸುಪ್ರೀಂ ಕೋರ್ಟಿನ 2015ರ ಖೆನ್ಯೆಯಿ ತೀರ್ಪು ಇದೆ. ಅವರಿಗೆ ಪ್ರತ್ಯೇಕ ಅರ್ಜಿ ಹಾಕಿ. ಅವರು ಸಹಿ ಹಾಕಿರುವುದರಿಂದ ಬಾಂಡ್ ಪೇಪರ್ ಪ್ರಶ್ನೆ ಅವರಿಗೆ ಖಂಡಿತ ಬರುತ್ತೆ. ಎಂಥ ಸ್ಥಿತಿಯಲ್ಲಿ, ಯಾರ ಮಾತು ನಂಬಿ ಸಹಿ ಮಾಡಿದರು ಅಂತ ಇದ್ದದ್ದು ಇದ್ದ ಹಾಗೆ ಹೇಳಲಿ.

ಶಹಾಪುರ ಅಕ್ಕ:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಓಣಿಯವರು ಹತ್ತಿ ಬಿಡಿಸಲು ಗೂಡ್ಸ್ ಟಂಟಂನಲ್ಲಿ ಹೋಗುತ್ತಾರೆ, ಒಂದು ಗಾಡಿಯಲ್ಲಿ ಹತ್ತು ಹದಿನೈದು ಹೆಣ್ಣುಮಕ್ಕಳು. ಪಲ್ಟಿ ಆದರೆ ಇವರಿಗೂ ಇನ್ಶೂರೆನ್ಸ್ ಸಿಗುತ್ತಾ? ಇನ್ನೊಂದು, ನಮ್ಮ ಮೈದುನನಿಗೆ ಯಾದಗಿರಿ ರಸ್ತೆಯಲ್ಲಿ ಯಾವುದೋ ಗಾಡಿ ಗುದ್ದಿ ನಿಲ್ಲಿಸದೆ ಹೋಯಿತು. ನಂಬರ್ ಯಾರೂ ನೋಡಿಲ್ಲ. ಕೈ ಮುರಿದಿದೆ.

ಕಲಬುರಗಿ ವಕೀಲ:

ಅಕ್ಕಾ, ಮೈದುನನ ವಿಷಯ ಮೊದಲು. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಸರ್ಕಾರದ ಯೋಜನೆ ಇದೆ. ಜೀವ ಹೋದರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಮೂಳೆ ಮುರಿತ ತೀವ್ರ ಗಾಯವೇ. ಅಪಘಾತ ಆದ ತಾಲ್ಲೂಕಿನ ತಹಶೀಲ್ದಾರ್ ಕಚೇರಿಗೆ ಅರ್ಜಿ ಹೋಗಬೇಕು, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. ಎಫ್‌ಐಆರ್, ಆಸ್ಪತ್ರೆ ದಾಖಲೆ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಕೋರ್ಟ್ ಬೇಕಿಲ್ಲ. ಈ ಯೋಜನೆ ಇರುವುದೇ ಬಹಳ ಜನರಿಗೆ ಗೊತ್ತಿಲ್ಲ, ದಯವಿಟ್ಟು ಹತ್ತು ಜನರಿಗೆ ಹೇಳಿ.

ಟಂಟಂ ಪ್ರಶ್ನೆಗೆ ನೆಮ್ಮದಿಯ ಉತ್ತರ ಕೊಡಲು ಆಗುತ್ತಿಲ್ಲ. ಸರಕು ಗಾಡಿಯಲ್ಲಿ ಜನ ಕೂತು ಹೋದರೆ, ಆ ಗಾಡಿಯ ವಿಮೆ ಅವರಿಗೆ ಅನ್ವಯ ಆಗಲ್ಲ ಅಂತ ಸುಪ್ರೀಂ ಕೋರ್ಟಿನ 2002ರ ಆಶಾ ರಾಣಿ ತೀರ್ಪಿನಿಂದಲೂ ಕಂಪನಿಗಳು ವಾದ ಮಾಡಿ ಗೆಲ್ಲುತ್ತಾ ಬಂದಿವೆ. ತಮ್ಮ ಸರಕಿನ ಜೊತೆ ಹೋಗುವ ಮಾಲೀಕನಿಗೆ ರಕ್ಷಣೆ ಇದೆ, ಕೂಲಿಗೆ ಹೋಗುವವರಿಗೆ ಇಲ್ಲ. ಆಗ ಗಾಡಿ ಮಾಲೀಕನೇ ಕೊಡಬೇಕು, ಅವನ ಹತ್ತಿರ ಇರುವುದು ಆ ಟಂಟಂ ಒಂದೇ. ಬೇರೆ ಗಾಡಿ ಬಂದು ಗುದ್ದಿದ್ದು, ತಪ್ಪು ಅದರದ್ದು ಅಂತಾದರೆ ಮಾತ್ರ ಆ ಗಾಡಿಯ ವಿಮೆಯಿಂದ ಸಿಗುತ್ತೆ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೋಗುವವರ ಪಾಡೂ ಹೆಚ್ಚು ಕಡಿಮೆ ಇದೇ. ಕೂಲಿಗೆ ಕರೆಸುವ ಹೊಲದವರು ಪ್ಯಾಸೆಂಜರ್ ಪರ್ಮಿಟ್ ಇರುವ ಗಾಡಿ ಮಾಡಿಕೊಡಬೇಕು ಅಂತ ಹೆಣ್ಣುಮಕ್ಕಳು ಒಟ್ಟಾಗಿ ಕೇಳುವಂತಾಗಬೇಕು.

ಚಿಂಚೋಳಿ ಹುಡುಗ:

ಸರ್, ಕೊನೆಯದಾಗಿ ಎರಡು ಪ್ರಶ್ನೆ. ಅಪ್ಪನಿಗೆ ಸಂಬಳದ ಚೀಟಿ ಇಲ್ಲ, ದಿನಗೂಲಿ. ಆದಾಯ ಹೇಗೆ ತೋರಿಸುವುದು? ಡಾಕ್ಟರು ಕಾಲಿಗೆ ನೂರಕ್ಕೆ 36ರಷ್ಟು ಊನ ಉಳಿಯಬಹುದು ಅಂತಿದ್ದಾರೆ. ಅಷ್ಟಕ್ಕೆ ಎಷ್ಟು ಬರುತ್ತೆ? ತೆಲಂಗಾಣದ ಕಾರು ಅಂತ ನಾವು ಅಲ್ಲಿಗೆ ಹೋಗಬೇಕಾ?

ಕಲಬುರಗಿ ವಕೀಲ:

ಎಲ್ಲಿಗೂ ಹೋಗಬೇಕಿಲ್ಲ. ಅಪಘಾತ ಆದ ಜಾಗ, ಗಾಯಾಳು ವಾಸ ಇರುವ ಜಾಗ, ಎದುರಾಳಿ ಇರುವ ಜಾಗ, ಮೂರರಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಬೀದರ್‌ನವರಿಗೆ ಜಹೀರಾಬಾದ್ ಹತ್ತಿರ ಅಪಘಾತ ಆದರೂ ಬೀದರ್‌ನಲ್ಲೇ ಹಾಕಬಹುದು. ನೀವು ಕಲಬುರಗಿಯಲ್ಲೇ ಹಾಕಿ. ಟ್ರಿಬ್ಯುನಲ್ (ಅಪಘಾತ ಪರಿಹಾರದ ಕೋರ್ಟ್) ಆದೇಶ ಸಮಾಧಾನ ಆಗದಿದ್ದರೆ 90 ದಿನದೊಳಗೆ ಮೇಲ್ಮನವಿ. ಅದಕ್ಕೂ ಬೆಂಗಳೂರಿಗೆ ಹೋಗುವ ಕಷ್ಟ ಇಲ್ಲ, ಹೈಕೋರ್ಟ್ ಪೀಠ ನಮ್ಮ ಕಲಬುರಗಿಯಲ್ಲೇ ಇದೆ.

ಆದಾಯಕ್ಕೆ ಗುತ್ತಿಗೆದಾರರ ಹೇಳಿಕೆ, ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಕೂಲಿ ಬಂದಿದ್ದರೆ ಅದರ ವಿವರ, ಕಟ್ಟಡ ಕಾರ್ಮಿಕರ ಕಾರ್ಡ್, ಏನಿದೆಯೋ ಎಲ್ಲ ಕೊಡಿ. ಏನೂ ಇಲ್ಲದಿದ್ದರೂ ಕೇಸ್ ಬೀಳಲ್ಲ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಒಂದು ಪಟ್ಟಿ ಇದೆ, ಯಾವ ವರ್ಷಕ್ಕೆ ತಿಂಗಳಿಗೆ ಎಷ್ಟು ಆದಾಯ ಅಂತ ಅಂದಾಜು ಹಿಡಿಯಬೇಕು ಅನ್ನುವುದಕ್ಕೆ. ನಮ್ಮ ರಾಜ್ಯದ ಕೋರ್ಟುಗಳು ಅದನ್ನು ಬಳಸುತ್ತವೆ. ಕಾರ್ಮಿಕರ ಕಾರ್ಡ್ ಇದ್ದರೆ ಕಲ್ಯಾಣ ಮಂಡಳಿಗೂ ಬೇರೆ ಅರ್ಜಿ ಹಾಕಿ, ಅಲ್ಲಿ ಅಪಘಾತಕ್ಕೆ ಸಹಾಯಧನ ಇದೆ.

ಈಗ ಲೆಕ್ಕ. ತಿಂಗಳಿಗೆ 15 ಸಾವಿರ ಅಂತ ಹಿಡಿಯೋಣ, ಉದಾಹರಣೆಗೆ ಮಾತ್ರ. 41ರಿಂದ 45 ವಯಸ್ಸಿನವರಿಗೆ 14ರಿಂದ ಗುಣಿಸಬೇಕು, ಇದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. 15 ಸಾವಿರ, 12 ತಿಂಗಳು, 14 ಅಂದರೆ 25,20,000. ಇದರಲ್ಲಿ ಎಷ್ಟು ಶೇಕಡಾ ನಿಮ್ಮದು ಅನ್ನುವುದೇ ನಿಜವಾದ ಜಗಳ. ಕಾಲಿಗೆ ನೂರಕ್ಕೆ 36 ಅಂದರೆ ಇಡೀ ದೇಹಕ್ಕೆ ಸುಮಾರು ಮೂರನೇ ಒಂದು ಭಾಗ, 12 ಅಂತ ಹಿಡಿಯುವುದು ರೂಢಿ. ಆಗ 3,02,400 ಬರುತ್ತೆ. ಆದರೆ 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹೇಳುವುದು ಬೇರೆ. ದೇಹದ ಊನ ಎಷ್ಟು ಅಂತಲ್ಲ, ಅದರಿಂದ ದುಡಿಮೆ ಎಷ್ಟು ಹೋಯಿತು ಅಂತ ನೋಡಬೇಕು. ಎಡಗೈ ಕಳೆದುಕೊಂಡ ಬಡಗಿಗೆ ದುಡಿಮೆ ಹೆಚ್ಚು ಕಡಿಮೆ ಪೂರ್ತಿ ಹೋಗುತ್ತೆ, ಅದೇ ಪೆಟ್ಟಾದ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು ಅಂತ ಆ ತೀರ್ಪಿನಲ್ಲೇ ಉದಾಹರಣೆ ಇದೆ. ನಿಮ್ಮ ಅಪ್ಪ ಗೌಂಡಿ. ಕುಕ್ಕರಗಾಲಲ್ಲಿ ಕೂರಬೇಕು, ಸೆಂಟ್ರಿಂಗ್ ಮೇಲೆ ಹತ್ತಬೇಕು, ಬುಟ್ಟಿ ಹೊರಬೇಕು. ಮೊಣಕಾಲು ಮಡಚಲು ಆಗದಿದ್ದರೆ ಇದರಲ್ಲಿ ಏನು ಉಳಿಯಿತು? ಇದನ್ನು ಅಪ್ಪ ಸಾಕ್ಷಿಯಲ್ಲಿ ಬಿಡಿಸಿ ಹೇಳಬೇಕು, ಡಾಕ್ಟರೂ ಹೇಳಬೇಕು. ಕೋರ್ಟ್ ಒಪ್ಪಿ ನೂರಕ್ಕೆ 25 ಅಂತ ಹಿಡಿದರೆ ಅದೇ ಲೆಕ್ಕ 6,30,000 ಆಗುತ್ತೆ. ಒಂದು ಸರ್ಟಿಫಿಕೇಟ್, ಎರಡು ರೀತಿ ಓದಿದರೆ ಅರ್ಧಕ್ಕರ್ಧ ವ್ಯತ್ಯಾಸ.

ಇದು ದುಡಿಮೆ ನಷ್ಟದ ಬಾಬತ್ತು ಮಾತ್ರ. ಆಸ್ಪತ್ರೆ ಬಿಲ್, ನೋವಿಗೆ, ಹಾಸಿಗೆ ಹಿಡಿದ ತಿಂಗಳುಗಳ ಕೂಲಿಗೆ, ನೋಡಿಕೊಂಡವರ ಖರ್ಚಿಗೆ, ಓಡಾಟಕ್ಕೆ, ಮುಂದೆ ರಾಡ್ ತೆಗೆಸುವ ಆಪರೇಷನ್‌ಗೆ ಬೇರೆ ಬೇರೆ ಮೊತ್ತ ಸೇರುತ್ತೆ. ಮೇಲೆ ಬಡ್ಡಿ. ನಿಮಗೆ ಬಂದ 30 ಸಾವಿರವನ್ನು ಕಳೆಯಬಹುದು, ಅದು ನ್ಯಾಯವೇ.

ಯಾವ ಕಾರಣಕ್ಕೋ ಕಾರಿನವನ ತಪ್ಪು ಸಾಬೀತು ಮಾಡಲು ಆಗಲ್ಲ ಅನಿಸಿದರೆ ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಇದೆ. ಅಲ್ಲಿ ತಪ್ಪು ಯಾರದು ಅಂತ ಹೇಳಬೇಕಿಲ್ಲ. ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ, ಅಷ್ಟಕ್ಕೇ ನಿಗದಿ. ನಿಮ್ಮ ಕೇಸಿಗೆ 166ನೇ ಕಲಮೇ ಸರಿ, ತಪ್ಪು ತೋರಿಸಿ ಪೂರ್ತಿ ಕೇಳಿ.

ಬೀದರ್ ಸಿಸ್ಟರ್:

ಊನದ ಸರ್ಟಿಫಿಕೇಟ್‌ಗೆ ಈಗಲೇ ಓಡಬೇಡ ತಮ್ಮಾ. ಮೊಣಕಾಲಿನ ಆಪರೇಷನ್ ಇನ್ನೂ ಆಗಬೇಕು ಅಂದಿದ್ದೀಯಲ್ಲ. ಮೂಳೆ ಕೂಡಿಕೊಂಡು, ಫಿಸಿಯೋಥೆರಪಿ ಮುಗಿದು, ಇದಕ್ಕಿಂತ ಜಾಸ್ತಿ ಸುಧಾರಣೆ ಆಗಲ್ಲ ಅನ್ನುವ ಹಂತ ಬಂದ ಮೇಲೆ ಅಳತೆ ಮಾಡಿಸಿದರೆ ಅದು ನಿಜವಾದ ಅಳತೆ. ಚಿಕಿತ್ಸೆ ಕೊಟ್ಟ ಡಾಕ್ಟರ ಹತ್ತಿರವೇ ಮಾಡಿಸಿ, ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತೆ ಅಂತ ಬರೆಸಿ, ಹೊಸ ಎಕ್ಸ್-ರೇ ಜೊತೆ. ಫಿಸಿಯೋ ಮಾತ್ರ ಒಂದು ದಿನವೂ ಬಿಡಿಸಬೇಡಿ. ನೋವು ಅಂತ ಬಿಟ್ಟುಬಿಡುವವರೇ ಜಾಸ್ತಿ, ಆಮೇಲೆ ಮೊಣಕಾಲು ಹಿಡಿದುಕೊಂಡುಬಿಡುತ್ತೆ.

ಕಲಬುರಗಿ ವಕೀಲ:

ಹೌದು, ಆದರೆ ಕ್ಲೇಮ್ ಅರ್ಜಿ ಹಾಕಲು ಆ ಸರ್ಟಿಫಿಕೇಟ್‌ಗೆ ಕಾಯಬೇಡಿ. ಅರ್ಜಿ 6 ತಿಂಗಳೊಳಗೆ, ಸರ್ಟಿಫಿಕೇಟ್ ಸಾಕ್ಷಿಯ ಹಂತದಲ್ಲಿ ಕೊಟ್ಟರೆ ಸಾಕು. ಎಫ್‌ಐಆರ್, ಪಂಚನಾಮೆ, ಗಾಯದ ಸರ್ಟಿಫಿಕೇಟ್, ಬಿಲ್ ಎಲ್ಲ ಒಂದು ಫೈಲ್ ಮಾಡಿ. ನನ್ನ ಹತ್ತಿರವೇ ಬರಬೇಕು ಅಂತಿಲ್ಲ, ಎಂವಿಸಿ ಕೇಸ್ ನಡೆಸುವ ಯಾವ ವಕೀಲರಿಗಾದರೂ ತೋರಿಸಿ.

ಚಿಂಚೋಳಿ ಹುಡುಗ:

ಆಗಲಿ ಸರ್. ಬಿಲ್ ಎಲ್ಲ ಅವ್ವ ಟ್ರಂಕಿನಲ್ಲಿ ಇಟ್ಟಿದ್ದಾಳೆ, ಸೋಮವಾರ ಫೈಲ್ ಮಾಡಿಕೊಂಡು ಕಾಕಾನನ್ನೂ ಕರೆದುಕೊಂಡು ಕಾನೂನು ಸೇವೆ ಪ್ರಾಧಿಕಾರಕ್ಕೆ ಹೋಗುತ್ತೇನೆ. ರಸ್ತೆ ಪಕ್ಕದ ಡಾಬಾದವರ ಹತ್ತಿರ ಆ ದಿನದ ಫೋಟೋ ಇದೆಯಂತೆ, ಇವತ್ತು ಸಂಜೆ ಅಲ್ಲಿಗೆ ಹೊರಟಿದ್ದೇನೆ.